ನೋಟ್‌ಬುಕ್‌ನಲ್ಲಿ ಮಳೆ ಗ್ರಾಫ್ ಬರ್ತಾ ಇಲ್ವಾ? ಕೊಡಗಿನ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಹಳೇ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇಡುವ ರೂಢಿ ಇದೆ. ಬೆಳಿಗ್ಗೆ ರೇನ್ ಗೇಜ್ ನೋಡಿ, ಹಿಂದಿನ ದಿನ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಬಿತ್ತು ಅಂತ ಬರೆದಿಡುತ್ತಾರೆ. ನಮ್ಮ ಮನೆಯಲ್ಲಿ ಅಜ್ಜ ಬರೆಯುತ್ತಿದ್ದರು, ಅವರಿಗೆ ಆಗದಿದ್ದ ದಿನ ತೋಟದ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವರು) ಬರೆಯುತ್ತಿದ್ದರು. ಆ ಪುಸ್ತಕಗಳನ್ನು ನಾನು ಕಂಪ್ಯೂಟರ್‌ಗೆ ಏರಿಸಿ, ಜುಪಿಟರ್ ನೋಟ್‌ಬುಕ್‌ನಲ್ಲಿ ಗ್ರಾಫ್ ಮಾಡಲು ಶುರು ಮಾಡಿದೆ. ಪೈಥಾನ್ ಕೋಡನ್ನು ‘ಸೆಲ್’ ಅನ್ನುವ ತುಂಡು ತುಂಡಾಗಿ ಬರೆದು ಓಡಿಸಿ, ಉತ್ತರವನ್ನು ಬ್ರೌಸರ್‌ನಲ್ಲೇ ನೋಡುವ ಪುಟ ಅದು. ಬೆರಳಿಟ್ಟ ಕಡೆ ಆ ದಿನದ ಮಳೆ ತೋರಿಸುವ, ಬೇಕಾದ ವರ್ಷವನ್ನು ಎಳೆದು ದೊಡ್ಡದು ಮಾಡಿ ನೋಡಬಹುದಾದ ಗ್ರಾಫ್. ಅದನ್ನು ನೋಡಿ ಅಕ್ಕಪಕ್ಕದ ತೋಟದವರೂ, ಕಾಲೇಜು ಓದುವ ಮಕ್ಕಳೂ ತಮ್ಮ ಮನೆ ಪುಸ್ತಕ ಹಿಡಿದು ಬಂದರು. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಸೆಲ್ ಓಡಿತು, ಎರರ್ ಬರಲಿಲ್ಲ. ಗ್ರಾಫ್ ಬರಬೇಕಾದ ಜಾಗ ಮಾತ್ರ ಬೆಳ್ಳಗೆ ಖಾಲಿ. ಎಲ್ಲಿಂದ ಹುಡುಕಲಿ?

ಮೊದಲು ನಿಮ್ಮ ಮಳೆ ಲೆಕ್ಕವನ್ನು ಪಕ್ಕಕ್ಕಿಡಿ. ಹೊಸ ಸೆಲ್‌ನಲ್ಲಿ ಮೂರೇ ಮೂರು ಅಂಕಿ ಹಾಕಿ ಒಂದು ಪುಟ್ಟ ಗ್ರಾಫ್ ಮಾಡಿ. 1, 4, 2 ಅಷ್ಟೇ ಸಾಕು. ಅದು ಬಂದರೆ ಪ್ಲಾಟ್‌ಲಿ (ಗ್ರಾಫ್ ಮಾಡುವ ಪೈಥಾನ್ ಪ್ಯಾಕೇಜ್), ಬ್ರೌಸರ್ ಎಲ್ಲಾ ಸರಿ ಇವೆ, ತಪ್ಪು ನಿಮ್ಮ ಡೇಟಾದಲ್ಲೋ ಕೋಡ್‌ನಲ್ಲೋ ಇದೆ. ಅದೂ ಬರದಿದ್ದರೆ ಡೇಟಾ ಮುಟ್ಟುವ ಕೆಲಸವೇ ಬೇಡ. ಅರ್ಧ ಗಂಟೆ ಉಳಿಸುವ ಪರೀಕ್ಷೆ ಇದು. ಬಹಳ ಜನ ಇದನ್ನು ಬಿಟ್ಟು ನೇರ ಇನ್‌ಸ್ಟಾಲ್ ಮಾಡಿದ್ದನ್ನೆಲ್ಲ ಕಿತ್ತು ಮತ್ತೆ ಹಾಕಲು ಹೊರಡುತ್ತಾರೆ.

ಪುಟ್ಟ ಗ್ರಾಫ್ ಕೂಡ ಬರದಿದ್ದರೆ, ಪುಟವನ್ನು ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ ಪೂರ್ತಿ ರಿಫ್ರೆಶ್ ಮಾಡಿ. ಆಗಲೂ ಇಲ್ಲವೆಂದರೆ ಎಫ್12 ಒತ್ತಿ ಕನ್ಸೋಲ್ ತೆರೆಯಿರಿ. ಗ್ರಾಫ್‌ನ ಲೆಕ್ಕ ಹಾಕುವುದು ಪೈಥಾನ್, ಬಿಡಿಸುವುದು ಬ್ರೌಸರ್. ಬ್ರೌಸರ್ ಎಡವಿದರೆ ಆ ಸುದ್ದಿ ನೋಟ್‌ಬುಕ್‌ಗೆ ಬರುವುದಿಲ್ಲ, ಕನ್ಸೋಲ್‌ನಲ್ಲಿ ಕೆಂಪು ಅಕ್ಷರದಲ್ಲಿ ಕೂತಿರುತ್ತದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಇದ್ದರೆ ಒಮ್ಮೆ ಆಫ್ ಮಾಡಿ ನೋಡಿ.

ಗ್ರಾಫ್ ಬದಲು ಏನೋ ಒಂದು ಸಾಲು ಅಕ್ಷರ ಬರುತ್ತದೆ. ಕೆಲವು ಸಲ ಅದೂ ಇಲ್ಲ.

ಸೆಲ್‌ನ ಕೊನೆಯ ಸಾಲಿನಲ್ಲಿ ಏನಿದೆಯೋ ಅದನ್ನು ಮಾತ್ರ ನೋಟ್‌ಬುಕ್ ತಾನಾಗಿ ತೋರಿಸುತ್ತದೆ. ಗ್ರಾಫ್ ಒಂದು ಲೂಪ್‌ನೊಳಗೋ ಫಂಕ್ಷನ್‌ನೊಳಗೋ ಇದ್ದರೆ ತೋರಿಸುವುದಿಲ್ಲ. ಅಲ್ಲಿ ‘ಫಿಗ್ ಡಾಟ್ ಶೋ’ ಅಂತ ನೀವೇ ಹೇಳಬೇಕು. ಬೋಕೆ ಅನ್ನುವ ಇನ್ನೊಂದು ಗ್ರಾಫ್ ಪ್ಯಾಕೇಜ್‌ನಲ್ಲಿ ಕೊನೆಯ ಸಾಲಿನಲ್ಲಿ ಹೆಸರು ಬರೆದರೂ ಸಾಲದು, ‘ಶೋ’ ಬೇಕೇ ಬೇಕು.

‘ಮೈಮ್ ಟೈಪ್ ರೆಂಡರಿಂಗ್’ ಅಂತ ಶುರುವಾಗುವ ಎರರ್ ಬಂದರೆ ಹೆದರಬೇಡಿ. ‘ಎನ್‌ಬಿಫಾರ್ಮ್ಯಾಟ್’ ಅನ್ನುವ ಪ್ಯಾಕೇಜ್ ಇಲ್ಲ ಅಂತ ಅದರ ಅರ್ಥ. ಹಾಕಿ, ಕರ್ನಲ್ (ಹಿಂದೆ ಕೂತು ನಿಮ್ಮ ಕೋಡ್ ಓಡಿಸುವ ಪೈಥಾನ್) ರೀಸ್ಟಾರ್ಟ್ ಮಾಡಿ. ವಿಎಸ್ ಕೋಡ್ ಎಡಿಟರ್ ಬಳಸುವವರು ಇದನ್ನು ಜಾಸ್ತಿ ಕೇಳುತ್ತಾರೆ.

ಸಿಗ್ನಲ್ ಇಲ್ಲದ ದಿನ ಗ್ರಾಫ್ ಬರುವುದೇ ಇಲ್ಲ. ನಿನ್ನೆ ಬಂದಿತ್ತು. ನೋಟ್‌ಬುಕ್‌ಗೆ ನೆಟ್ ಬೇಕಾ?

ಬೇಡ. ನಿಮ್ಮದೇ ಕಂಪ್ಯೂಟರ್‌ನಲ್ಲಿ ಜುಪಿಟರ್ ಹಾಕಿದ್ದರೆ, ಅದು ಬ್ರೌಸರ್‌ನಲ್ಲಿ ತೆರೆದುಕೊಂಡರೂ ಹೊರಗೆಲ್ಲೂ ಹೋಗುವುದಿಲ್ಲ. ವಿಳಾಸದಲ್ಲಿ ‘ಲೋಕಲ್‌ಹೋಸ್ಟ್’, ಅದರ ಮುಂದೆ ಸಾಮಾನ್ಯವಾಗಿ 8888 ಅಂತ ಇರುತ್ತದೆ ನೋಡಿ.

ನೆಟ್ ಕೇಳುವುದು ಗ್ರಾಫ್ ಬಿಡಿಸುವ ಜಾವಾಸ್ಕ್ರಿಪ್ಟ್. ಬೋಕೆಗೆ ಸುಮ್ನೆ ‘ಔಟ್‌ಪುಟ್ ನೋಟ್‌ಬುಕ್’ ಅಂದರೆ ಆ ಜಾವಾಸ್ಕ್ರಿಪ್ಟನ್ನು ನೆಟ್‌ನಿಂದ ತರಿಸಿಕೊಳ್ಳಲು ನೋಡುತ್ತದೆ. ಪ್ಲಾಟ್‌ಲಿಯಲ್ಲಿ ರೆಂಡರರ್ (ಗ್ರಾಫ್ ಹೇಗೆ ತೋರಿಸಬೇಕು ಅನ್ನುವ ಸೆಟ್ಟಿಂಗ್) ‘ನೋಟ್‌ಬುಕ್ ಕನೆಕ್ಟೆಡ್’ ಅಂತ ಇಟ್ಟಿದ್ದರೂ ಅದೇ ಕಥೆ. ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ, ಅದರ ಹಿಂದೆಯೇ ಟವರೂ ಕೈಕೊಟ್ಟರೆ ಗ್ರಾಫ್ ಎಲ್ಲಿಂದ ಬರಬೇಕು?

ಪ್ಲಾಟ್‌ಲಿಗೆ ರೆಂಡರರ್ ಬರೀ ‘ನೋಟ್‌ಬುಕ್’ ಅಂತ ಇಡಿ. ಬೋಕೆಗೆ ರಿಸೋರ್ಸಸ್ ‘ಇನ್‌ಲೈನ್’ ಅಂತ ಕೊಡಿ. ಆಗ ಬೇಕಾದ ಜಾವಾಸ್ಕ್ರಿಪ್ಟ್ ಪೂರ್ತಿ ಫೈಲ್‌ನೊಳಗೇ ಬಂದು ಕೂರುತ್ತದೆ. ಫೈಲ್ ಕೆಲವು ಎಂಬಿ ದಪ್ಪವಾಗುತ್ತದೆ, ಆಗಲಿ ಬಿಡಿ. ಮಳೆಗಾಲಕ್ಕೆ ಮುಂಚೆಯೇ ಈ ಎರಡು ಸೆಟ್ಟಿಂಗ್ ಮಾಡಿಟ್ಟುಕೊಳ್ಳಿ, ಬೇಕಾದ ಪ್ಯಾಕೇಜ್‌ಗಳನ್ನೂ ಇಳಿಸಿಟ್ಟುಕೊಳ್ಳಿ.

ಪ್ಯಾಕೇಜ್ ಹಾಕಿದ್ದೇನೆ. ಆದರೂ ನೋಟ್‌ಬುಕ್ ‘ಇಲ್ಲ’ ಅನ್ನುತ್ತದೆ.

ನಿಮ್ಮ ಕಂಪ್ಯೂಟರ್‌ನಲ್ಲಿ ಎರಡು ಪೈಥಾನ್ ಇವೆ. ಒಂದಕ್ಕೆ ಹಾಕಿದ್ದೀರಿ, ಇನ್ನೊಂದು ಓಡುತ್ತಿದೆ. ‘ಸಿಸ್ ಡಾಟ್ ಎಕ್ಸಿಕ್ಯೂಟಬಲ್’ ಪ್ರಿಂಟ್ ಮಾಡಿದರೆ ಯಾವುದು ಓಡುತ್ತಿದೆ ಅಂತ ಗೊತ್ತಾಗುತ್ತದೆ. ಟರ್ಮಿನಲ್ ಬಿಟ್ಟು ನೋಟ್‌ಬುಕ್ ಸೆಲ್‌ನಲ್ಲೇ ‘%ಪಿಪ್ ಇನ್‌ಸ್ಟಾಲ್’ ಕೊಡಿ. ಹಾಕಿದ ಮೇಲೆ ಕರ್ನಲ್ ರೀಸ್ಟಾರ್ಟ್ ಮಾಡಿ, ಪುಟವನ್ನೂ ರಿಫ್ರೆಶ್ ಮಾಡಿ. ಎರಡೂ ಬೇಕು.

ಕರೆಂಟ್ ಹೋಗಿ ಬಂದ ಮೇಲೆ ಗ್ರಾಫ್ ಕಾಣುತ್ತದೆ, ಆದರೆ ವರ್ಷ ಬದಲಿಸುವ ಸ್ಲೈಡರ್ ಅಲುಗಾಡಿಸಿದರೆ ಏನೂ ಆಗಲ್ಲ. ‘ಮಾಡೆಲ್ ನಾಟ್ ಫೌಂಡ್’ ಅಂತಲೂ ಬರುತ್ತದೆ.

ಇದು ಹಾಳಾದದ್ದಲ್ಲ. ನೋಟ್‌ಬುಕ್‌ನಲ್ಲಿ ಎರಡು ಬಗೆಯ ಜೀವಂತಿಕೆ ಇದೆ ಅಂತ ತಿಳಿದುಕೊಂಡರೆ ಸಾಕು.

ಪ್ಲಾಟ್‌ಲಿಯ ಸಾಮಾನ್ಯ ಗ್ರಾಫ್ ತನಗೆ ಬೇಕಾದ ಅಂಕಿಗಳನ್ನು ಜೊತೆಯಲ್ಲೇ ಇಟ್ಟುಕೊಂಡಿರುತ್ತದೆ. ಜೂಮ್ ಮಾಡಿದರೆ, ಬೆರಳಿಟ್ಟರೆ, ಬ್ರೌಸರ್ ತಾನೇ ಉತ್ತರ ಕೊಡುತ್ತದೆ. ಪೈಥಾನ್ ನಿಂತಿದ್ದರೂ ನಡೆಯುತ್ತದೆ. ಐಪಿವೈವಿಜೆಟ್ಸ್ ಅನ್ನುವ ಪ್ಯಾಕೇಜ್‌ನ ಸ್ಲೈಡರ್ ಹಾಗಲ್ಲ. ನೀವು ಅಲುಗಾಡಿಸಿದಾಗಲೆಲ್ಲ ಅದು ಕರ್ನಲ್‌ಗೆ ಹೇಳಿ ಕಳಿಸುತ್ತದೆ, ಅಲ್ಲಿ ಪೈಥಾನ್ ಹೊಸ ಲೆಕ್ಕ ಹಾಕಿ ವಾಪಸ್ ಕೊಡಬೇಕು. ಕಂಪ್ಯೂಟರ್ ಆಫ್ ಆದಾಗ ಕರ್ನಲ್ ಸತ್ತಿದೆ. ನೀವು ಕಟ್ಟಿದ್ದ ಟೇಬಲ್, ಸ್ಲೈಡರ್ ಎಲ್ಲಾ ಅದರ ಜೊತೆ ಹೋಗಿವೆ. ಪುಟದ ಮೇಲೆ ಕಾಣುವುದು ಅದರ ನೆರಳು ಅಷ್ಟೇ.

ಮೇಲಿನಿಂದ ಎಲ್ಲಾ ಸೆಲ್ ಮತ್ತೆ ಓಡಿಸಿ, ಸರಿಹೋಗುತ್ತದೆ. ಆಗಲೂ ಸ್ಲೈಡರ್ ಬರದಿದ್ದರೆ ಐಪಿವೈವಿಜೆಟ್ಸ್ ಮತ್ತು ಜುಪಿಟರ್‌ಲ್ಯಾಬ್ (ಜುಪಿಟರ್‌ನ ಹೊಸ ರೂಪ) ಎರಡನ್ನೂ ಒಟ್ಟಿಗೆ ಹೊಸ ಆವೃತ್ತಿಗೆ ತನ್ನಿ. ಒಂದು ಹಳತು, ಒಂದು ಹೊಸತು ಇದ್ದರೆ ಹೊಂದುವುದಿಲ್ಲ. ಪ್ಲಾಟ್‌ಲಿ 6ರಲ್ಲಿ ‘ಫಿಗರ್ ವಿಜೆಟ್’ ಬಳಸುವವರಿಗೆ ‘ಎನಿವಿಜೆಟ್’ ಪ್ಯಾಕೇಜ್ ಕೂಡ ಬೇಕು.

ಯುಪಿಎಸ್ ಇಲ್ಲದ ಮನೆಯಲ್ಲಿ ಸ್ಲೈಡರ್ ನೆಚ್ಚಿಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ವರ್ಷ ಬದಲಿಸಲು ಪ್ಲಾಟ್‌ಲಿಯ ಒಳಗೇ ಬರುವ ಡ್ರಾಪ್‌ಡೌನ್ ಇದೆ. ಬರೆಯಲು ನಾಲ್ಕು ಸಾಲು ಜಾಸ್ತಿ, ಆದರೆ ಕರ್ನಲ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ.

ಹಳೇ ಪಾಠದಲ್ಲಿ ‘%ಮ್ಯಾಟ್‌ಪ್ಲಾಟ್‌ಲಿಬ್ ನೋಟ್‌ಬುಕ್’ ಅಂತ ಇದೆ. ಹಾಕಿದರೆ ‘ಐಪೈಥಾನ್ ಈಸ್ ನಾಟ್ ಡಿಫೈನ್ಡ್’ ಅನ್ನುತ್ತದೆ.

ಮ್ಯಾಟ್‌ಪ್ಲಾಟ್‌ಲಿಬ್ ಗ್ರಾಫ್ ಮಾಡುವ ಮತ್ತೊಂದು ಪ್ಯಾಕೇಜ್. ಇದು ಹಳೇ ನೋಟ್‌ಬುಕ್‌ನ ಕಮಾಂಡ್. ಜುಪಿಟರ್‌ಲ್ಯಾಬ್‌ನಲ್ಲಿ ನಡೆಯುವುದಿಲ್ಲ. 2023ರಲ್ಲಿ ಬಂದ ನೋಟ್‌ಬುಕ್ 7 ಕೂಡ ಲ್ಯಾಬ್‌ನ ಅಡಿಪಾಯದ ಮೇಲೇ ಕಟ್ಟಿದ್ದು, ಅಲ್ಲೂ ಇಲ್ಲ. ‘ಐಪಿವೈಎಂಪಿಎಲ್’ ಹಾಕಿಕೊಂಡು ‘%ಮ್ಯಾಟ್‌ಪ್ಲಾಟ್‌ಲಿಬ್ ವಿಜೆಟ್’ ಅಂತ ಬರೆಯಿರಿ. ಈ ಬಗೆಯ ಗ್ರಾಫ್‌ಗಳು ತೆರೆದೇ ಉಳಿಯುತ್ತವೆ. 20 ದಾಟಿದರೆ ಎಚ್ಚರಿಕೆ ಬರುತ್ತದೆ. ನಡುನಡುವೆ ‘ಪಿಎಲ್‌ಟಿ ಡಾಟ್ ಕ್ಲೋಸ್’ಗೆ ‘ಆಲ್’ ಕೊಟ್ಟು ಮುಚ್ಚಿ.

ಊರ ಹೆಸರು ಕನ್ನಡದಲ್ಲಿ ಬರೆದರೆ ಬರೀ ಚೌಕ ಚೌಕ ಬರುತ್ತದೆ.

ಇದು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ. ಅದು ತಾನಾಗಿ ಬಳಸುವ ಫಾಂಟ್‌ನಲ್ಲಿ ಕನ್ನಡ ಇಲ್ಲ. ‘ಗ್ಲಿಫ್ 3221 ಮಿಸ್ಸಿಂಗ್’ ಅಂತ ಎಚ್ಚರಿಕೆ ಬಂದರೆ ನೋಡಿ, 3221 ಅಂದರೆ ನಮ್ಮ ‘ಕ’. ಯೂನಿಕೋಡ್‌ನಲ್ಲಿ ಅದರ ನಂಬರ್ ಅದು.

ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಟ್ಟರೆ ಚೌಕ ಹೋಗುತ್ತದೆ. ಆದರೆ ಇನ್ನೊಂದು ತೊಂದರೆ ಎದುರಾಗುತ್ತದೆ. ‘ಮಡಿಕೇರಿ’ ನೋಡಲು ಹೆಚ್ಚು ಕಡಿಮೆ ಸರಿಯಾಗಿರಬಹುದು. ‘ಗೋಣಿಕೊಪ್ಪ’ ಬರೆದು ನೋಡಿ. ಪ ಕೆಳಗೆ ಪ ಒತ್ತು ಬರಬೇಕಾದ ಕಡೆ ಎರಡು ಪ ಅಕ್ಕಪಕ್ಕ ನಿಂತು, ನಡುವೆ ಹಲಂತದ ಗುರುತು ಬಿದ್ದಿರಬಹುದು. ‘ಪೊನ್ನಂಪೇಟೆ’ಗೂ ಅದೇ ಗತಿ. ಅಕ್ಷರಗಳನ್ನು ಕೂಡಿಸಿ ಒತ್ತು ಮಾಡುವ ಕೆಲಸ ಬಹುಕಾಲದಿಂದ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಬರುತ್ತಿರಲಿಲ್ಲ. ಒಂದೊಂದು ಅಕ್ಷರ ತೆಗೆದು ಸಾಲಾಗಿ ಇಡುವುದಷ್ಟೇ ಅದಕ್ಕೆ ಗೊತ್ತಿತ್ತು.

ಪ್ಲಾಟ್‌ಲಿ, ಬೋಕೆ ಎರಡರಲ್ಲೂ ಅಕ್ಷರ ಬಿಡಿಸುವುದು ಬ್ರೌಸರ್. ಬ್ರೌಸರ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ. ಕನ್ನಡ ಹೆಸರು ಬೇಕು ಅನ್ನುವವರಿಗೆ ನಾನು ಪ್ಲಾಟ್‌ಲಿಯನ್ನೇ ಹೇಳುತ್ತೇನೆ. ಹೆಸರನ್ನು ಇಂಗ್ಲಿಷ್‌ಗೆ ಬದಲಿಸಿ ಸುಮ್ಮನಾಗಬೇಡಿ. ಪುಸ್ತಕ ಬರೆದಿಟ್ಟವರು ಓದಲಿ ಅಂತ ತಾನೇ ಗ್ರಾಫ್ ಮಾಡುವುದು?

ಗ್ರಾಫ್ ಬಂತು. ಆದರೆ ಜನವರಿಯಲ್ಲಿ ಧಾರಾಕಾರ ಮಳೆ ತೋರಿಸುತ್ತಿದೆ.

ಜನವರಿಯಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಅಂಥಾ ಮಳೆ ಬಿದ್ದಿದ್ದರೆ ಮನೆಯಲ್ಲಿ ಯಾರೂ ಮರೆಯುತ್ತಿರಲಿಲ್ಲ, ಅಲ್ವಾ? ಗ್ರಾಫ್ ಮೇಲೆ ಬೆರಳಿಟ್ಟು ತಾರೀಖು ನೋಡಿ. 6, 7, 8, ಬಹುಶಃ 9. ಫೆಬ್ರವರಿ ನೋಡಿ. ಅಲ್ಲೂ 6, 7, 8. ಡಿಸೆಂಬರ್‌ವರೆಗೂ ಹಾಗೇ.

ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಟೇಬಲ್ ಓದುವ ಪಾಂಡಾಸ್ ಪ್ಯಾಕೇಜ್ ತಿಂಗಳು ಮೊದಲು ಅಂತ ಓದಿದೆ. 01-08 ಅಂದರೆ ನಮಗೆ ಆಗಸ್ಟ್ 1, ಅದಕ್ಕೆ ಜನವರಿ 8. ಹೀಗೆ ಜೂನ್, ಜುಲೈ, ಆಗಸ್ಟ್‌ನ ಮೊದಲ 12 ದಿನದ ಮಳೆ ವರ್ಷದ 12 ತಿಂಗಳಿಗೂ ಹಂಚಿಹೋಗಿದೆ. 13ನೇ ತಾರೀಖಿನಿಂದ ಮುಂದಿನದು ಮಾತ್ರ ಸರಿ ಇರುತ್ತದೆ, 13ನೇ ತಿಂಗಳು ಇಲ್ಲವಲ್ಲ. ಹಳೇ ಪಾಂಡಾಸ್ ಇದನ್ನು ಹೇಳದೆ ಕೇಳದೆ ಮಾಡುತ್ತಿತ್ತು. 2023ರಲ್ಲಿ ಬಂದ ಪಾಂಡಾಸ್ 2ರಿಂದ, ಮೊದಲ ಸಾಲು ಓದಿದ ಕ್ರಮಕ್ಕೆ ಮುಂದಿನ ಸಾಲು ಹೊಂದದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ ಆಯಿತು.

ತಾರೀಖು ಓದಿಸುವಾಗ ‘ಡೇಫಸ್ಟ್’ ಅನ್ನು ‘ಟ್ರೂ’ ಮಾಡಿ. ಇನ್ನೂ ಗಟ್ಟಿ ಅಂದರೆ ದಿನ, ತಿಂಗಳು, ವರ್ಷದ ಕ್ರಮವನ್ನು ‘ಫಾರ್ಮ್ಯಾಟ್’ನಲ್ಲಿ ನೀವೇ ಹೇಳಿಬಿಡಿ.

ಪುಸ್ತಕದಲ್ಲಿ 1-05 ಅಂತ ಇದೆ. ಹೇಗೆ ಟೈಪ್ ಮಾಡಲಿ?

ಈ ಪ್ರಶ್ನೆಯನ್ನು ಎಲ್ಲರೂ ಮೊದಲೇ ಕೇಳಲಿ ಅಂತ ನನ್ನ ಆಸೆ. ಯಾಕೆಂದರೆ ನಾನು ಕೇಳದೆ ಟೈಪ್ ಮಾಡಿದೆ.

1-05 ಅಂದರೆ ಒಂದು ಇಂಚು ಐದು ಸೆಂಟ್. 100 ಸೆಂಟ್‌ಗೆ ಒಂದು ಇಂಚು. ಅಂದರೆ 1.05 ಇಂಚು, ಮಿಲಿಮೀಟರ್‌ನಲ್ಲಿ 26.67. ಅಜ್ಜನ ಪುಸ್ತಕದಲ್ಲಿ ಕೆಲವು ಕಡೆ ಸೊನ್ನೆ ಬಿಟ್ಟು 1-5 ಅಂತ ಇತ್ತು. ನಾನು ಅದನ್ನು 1.5 ಅಂತ ಹೊಡೆದೆ. 38.1 ಮಿಲಿಮೀಟರ್ ಆಯಿತು. ಒಂದೇ ದಿನಕ್ಕೆ 11 ಮಿಲಿಮೀಟರ್‌ಗೂ ಜಾಸ್ತಿ ಮಳೆ ನಾನೇ ಸುರಿಸಿದಂತೆ. ಗ್ರಾಫ್ ಚೆನ್ನಾಗೇ ಬಂತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಮೂರು ವರ್ಷದ ಲೆಕ್ಕ ಹೀಗೆ ಏರಿಸಿದ ಮೇಲೆ, ಹೂಮಳೆಯ (ಕಾಫಿ ಹೂ ಅರಳಿಸುವ ಮಳೆ) ಸಮಯದ ಒಂದು ದಿನದ ಮೇಲೆ ಬೆರಳಿಟ್ಟಾಗ ನಮ್ಮ ರೈಟರ್ ಹೇಳಿದರು, ‘ಅಷ್ಟು ಬಿದ್ದಿರಲಿಲ್ಲ, ಆ ಸಲ ಸ್ಪ್ರಿಂಕ್ಲರ್ ಹಾಕಿದ್ದೆವು.’ ಪುಸ್ತಕ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ. ಮೂರು ವರ್ಷದ್ದನ್ನೂ ಮತ್ತೆ ಕೂತು ಟೈಪ್ ಮಾಡಿದೆ.

ಎಕ್ಸೆಲ್ ಇದಕ್ಕೆ ತನ್ನದೂ ಸೇರಿಸುತ್ತದೆ. 1-05 ಅಂತ ಹೊಡೆದರೆ ಅದನ್ನು ತಾರೀಖು ಅಂದುಕೊಂಡು, ಸೆಟ್ಟಿಂಗ್ ನೋಡಿ ಮೇ 1 ಅಂತಲೋ ಜನವರಿ 5 ಅಂತಲೋ ಮಾಡಿಬಿಡುತ್ತದೆ. 1.50 ಅಂತ ಹೊಡೆದರೆ ಕೊನೆಯ ಸೊನ್ನೆ ನುಂಗಿ 1.5 ತೋರಿಸುತ್ತದೆ. ಆಮೇಲೆ ಇದು ಐದು ಸೆಂಟೋ ಐವತ್ತು ಸೆಂಟೋ ಅಂತ ಯಾರೂ ಹೇಳಲಾಗದು.

ಅದಕ್ಕೇ ಎರಡು ಕಾಲಂ ಮಾಡಿ. ಒಂದರಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟ್. ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಹೊಡೆಯಿರಿ, ಲೆಕ್ಕ ನೋಟ್‌ಬುಕ್ ಮಾಡಲಿ. ಸೆಂಟನ್ನು 100ರಿಂದ ಭಾಗಿಸಿ, ಇಂಚಿಗೆ ಕೂಡಿಸಿ, 25.4ರಿಂದ ಗುಣಿಸಿದರೆ ಮಿಲಿಮೀಟರ್. ಸೆಂಟ್ ಕಾಲಂನಲ್ಲಿ 99ಕ್ಕಿಂತ ಜಾಸ್ತಿ ಏನಾದರೂ ಕಂಡರೆ ಅದು ಟೈಪಿಂಗ್ ತಪ್ಪು, ಆಗಲೇ ಹಿಡಿಯಬಹುದು.

ಪುಸ್ತಕದಲ್ಲಿ ಕೆಲವು ಕಡೆ ‘ನಿಲ್’, ಕೆಲವು ಕಡೆ ಗೆರೆ, ಕೆಲವು ಕಡೆ ಖಾಲಿ. ಗ್ರಾಫ್ ವಿಚಿತ್ರವಾಗಿ ಬರುತ್ತದೆ.

ಕಾಲಂನಲ್ಲಿ ಒಂದೇ ಒಂದು ‘ನಿಲ್’ ಇದ್ದರೂ ಪಾಂಡಾಸ್ ಇಡೀ ಕಾಲಂ ಅನ್ನು ಅಕ್ಷರ ಅಂತ ಓದುತ್ತದೆ. ಆಮೇಲೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಪಕ್ಕದ ಅಕ್ಷದ ಮೇಲೆ 12, ಅದರ ಮೇಲೆ 3, ಅದರ ಮೇಲೆ 0.5 ಅಂತ ಬಂದ ಬಂದ ಕ್ರಮದಲ್ಲಿ ಅಂಕಿ ಕೂರುತ್ತವೆ. ಪ್ಲಾಟ್‌ಲಿ ಅಂಕಿಗಳನ್ನು ಸರಿಯಾಗಿ ಇಟ್ಟು, ‘ನಿಲ್’ ಇದ್ದ ದಿನಗಳನ್ನು ಸದ್ದಿಲ್ಲದೆ ಬಿಟ್ಟುಬಿಡಬಹುದು.

ಎಲ್ಲವನ್ನೂ ಒಂದೇ ಏಟಿಗೆ ಸೊನ್ನೆ ಮಾಡಬೇಡಿ. ‘ನಿಲ್’ ಅಂದರೆ ಮಳೆ ಇಲ್ಲ, ಅದು ಸೊನ್ನೆ. ಖಾಲಿ ಅಂದರೆ ಅಳೆದಿಲ್ಲ. ಗೆರೆ ಅಂದರೆ ಬರೆದವರನ್ನು ಕೇಳಬೇಕು, ಒಬ್ಬೊಬ್ಬರದು ಒಂದೊಂದು ರೂಢಿ.

ನಮ್ಮ ಪುಸ್ತಕದಲ್ಲಿ 2018ರ ಆಗಸ್ಟ್ ಮಧ್ಯದಲ್ಲಿ ಕೆಲವು ದಿನ ಖಾಲಿ ಇದೆ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದ ವಾರ ಅದು. ರೇನ್ ಗೇಜ್ ಹತ್ತಿರ ಹೋಗುವ ಸ್ಥಿತಿ ಇರಲಿಲ್ಲ. ಖಾಲಿಯನ್ನು ಸೊನ್ನೆ ಮಾಡಿದರೆ, ಕೊಡಗು ಅಷ್ಟು ನೋವು ಉಂಡ ವಾರದಲ್ಲಿ ಮಳೆಯೇ ಬಿದ್ದಿಲ್ಲ ಅಂತ ಗ್ರಾಫ್ ಹೇಳುತ್ತದೆ. ಅದನ್ನು ನಾನು ಯಾರ ಕಣ್ಣಿಗೂ ಬೀಳಲು ಬಿಡಲಾರೆ.

ಮೊದಲು ‘ನಿಲ್’ ಅನ್ನು 0 ಮಾಡಿ. ಆಮೇಲೆ ‘ಟು ನ್ಯೂಮೆರಿಕ್’ಗೆ ‘ಕೊಯರ್ಸ್’ ಕೊಟ್ಟರೆ ಉಳಿದದ್ದು ಖಾಲಿ ಅಂತಲೇ ಉಳಿಯುತ್ತದೆ, ಗ್ರಾಫ್‌ನ ಗೆರೆ ಅಲ್ಲಿ ತುಂಡಾಗುತ್ತದೆ. ಟೈಪ್ ಮಾಡುವಾಗ ಆ ದಿನದ ಸಾಲನ್ನೇ ಬಿಟ್ಟಿದ್ದರೆ ಗೆರೆ ತುಂಡಾಗುವುದಿಲ್ಲ, ಈಚೆ ದಿನದಿಂದ ಆಚೆ ದಿನಕ್ಕೆ ನೇರ ಎಳೆದುಬಿಡುತ್ತದೆ. ತಾರೀಖನ್ನು ಇಂಡೆಕ್ಸ್ ಮಾಡಿ ‘ಆಸ್‌ಫ್ರೀಕ್’ಗೆ ‘ಡಿ’ ಕೊಟ್ಟರೆ ಬಿಟ್ಟುಹೋದ ದಿನಗಳು ಖಾಲಿ ಸಾಲಾಗಿ ಸೇರುತ್ತವೆ. ತಿಂಗಳ ಮೊತ್ತ ಹಾಕುವಾಗ ಇನ್ನೊಂದು ಹುಷಾರು. ಇಡೀ ತಿಂಗಳು ಖಾಲಿ ಇದ್ದರೂ ‘ಸಮ್’ 0 ಅಂತ ಕೊಡುತ್ತದೆ. ‘ಮಿನ್ ಕೌಂಟ್’ 1 ಅಂತ ಕೊಡಿ, ಆಗ ಖಾಲಿ ಖಾಲಿಯಾಗೇ ಇರುತ್ತದೆ.

ಆಟೊಮ್ಯಾಟಿಕ್ ಮಳೆ ಮಾಪಕದ ಡೇಟಾ ಹಾಕಿದರೆ ಬ್ರೌಸರ್ ಕಟ್ಟಿಹೋಗುತ್ತದೆ.

15 ನಿಮಿಷಕ್ಕೊಂದು ಅಂಕಿ ಅಂದರೆ ದಿನಕ್ಕೆ 96, ವರ್ಷಕ್ಕೆ 35,040. ಹತ್ತು ವರ್ಷದ್ದು ಮೂರೂವರೆ ಲಕ್ಷ. ಅಷ್ಟನ್ನೂ ಬ್ರೌಸರ್‌ಗೆ ಸುರಿದರೆ ಹಳೇ ಲ್ಯಾಪ್‌ಟಾಪ್ ತಡೆಯುವುದಿಲ್ಲ. ‘ಐಒಪಬ್ ಡೇಟಾ ರೇಟ್ ಎಕ್ಸೀಡೆಡ್’ ಅಂತ ಬಂದರೂ ಕಾರಣ ಇದೇ. ‘ರೀಸ್ಯಾಂಪಲ್’ ಮಾಡಿ ದಿನದ ಮೊತ್ತ ಹಾಕಿ. ಮಳೆಗೆ ಮೊತ್ತವೇ ಬೇಕು, ಸರಾಸರಿ ಅಲ್ಲ.

ಎಲ್ಲಾ ಬಿಂದುವೂ ಬೇಕೇ ಬೇಕು ಅಂದರೆ ಪ್ಲಾಟ್‌ಲಿಯ ‘ಸ್ಕ್ಯಾಟರ್‌ಜಿಎಲ್’ ಇದೆ. ಆದರೆ ಒಂದೇ ಪುಟದಲ್ಲಿ ಅಂಥ ಗ್ರಾಫ್ ಹತ್ತಾರು ಇಟ್ಟರೆ ಮೇಲಿನವು ಮಾಯವಾಗಲು ಶುರುವಾಗುತ್ತವೆ. ಇಷ್ಟೇ ಅಂತ ಬ್ರೌಸರ್‌ಗೆ ಮಿತಿ ಇದೆ.

ಬೋಕೆಯಲ್ಲಿ ಬೆರಳಿಟ್ಟರೆ ತಾರೀಖಿನ ಜಾಗದಲ್ಲಿ ಉದ್ದನೆಯ ನಂಬರ್ ಬರುತ್ತದೆ.

1970ರಿಂದ ಎಣಿಸಿದ ಮಿಲಿಸೆಕೆಂಡ್ ಅದು. ಬೆರಳಿಟ್ಟಾಗ ವಿವರ ತೋರಿಸುವ ಹೋವರ್ ಟೂಲ್‌ನ ‘ಫಾರ್ಮ್ಯಾಟರ್ಸ್’ನಲ್ಲಿ ಆ ಕಾಲಂ ‘ಡೇಟ್‌ಟೈಮ್’ ಅಂತ ಹೇಳಿ.

ನನ್ನ ನೋಟ್‌ಬುಕ್ ಫೈಲ್ ಗೆಳೆಯನಿಗೆ ಕಳಿಸಿದೆ. ಅವನಿಗೆ ಗ್ರಾಫ್ ಕಾಣುತ್ತಿಲ್ಲ.

ಬೇರೆಯವರು ಕಳಿಸಿದ ನೋಟ್‌ಬುಕ್ ಅನ್ನು ಜುಪಿಟರ್ ನಂಬುವುದಿಲ್ಲ. ಅದರೊಳಗಿನ ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ. ಅವನು ಎಲ್ಲಾ ಸೆಲ್ ಓಡಿಸಲಿ, ಅಥವಾ ‘ಜುಪಿಟರ್ ಟ್ರಸ್ಟ್’ ಕಮಾಂಡ್‌ಗೆ ಫೈಲ್ ಹೆಸರು ಕೊಡಲಿ. ಕೋಡ್ ಇಡುವ ಗಿಟ್‌ಹಬ್ ಸೈಟ್‌ನಲ್ಲಿ ನೋಡುತ್ತಿದ್ದರೆ ಅಲ್ಲಿ ಇಂಥ ಗ್ರಾಫ್ ಬರುವುದೇ ಇಲ್ಲ.

ಮನೆಯ ಹಿರಿಯರ ಫೋನ್‌ಗೆ ಕಳಿಸಬೇಕು. ಅವರ ಹತ್ತಿರ ಪೈಥಾನೂ ಇಲ್ಲ, ನೆಟ್ಟೂ ಸರಿ ಇಲ್ಲ.

ಪ್ಲಾಟ್‌ಲಿಯ ‘ರೈಟ್ ಎಚ್‌ಟಿಎಂಎಲ್’ ಬಳಸಿ. ‘ಇನ್‌ಕ್ಲೂಡ್ ಪ್ಲಾಟ್‌ಲಿಜೆಎಸ್’ ಅನ್ನು ‘ಸಿಡಿಎನ್’ (ನೆಟ್‌ನಿಂದ ತರಿಸಿಕೋ ಅನ್ನುವ ಅರ್ಥ) ಅಂತ ಕೊಡಬೇಡಿ, ‘ಟ್ರೂ’ ಕೊಡಿ. ಫೈಲ್ ನಾಲ್ಕೈದು ಎಂಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋನ್‌ನ ಕ್ರೋಮ್‌ನಲ್ಲಿ ತೆರೆಯಲು ಹೇಳಿ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಫೋನ್‌ನಲ್ಲಿ ಪುಟ ಸರಿಸಲು ಹೋದರೆ ಗ್ರಾಫ್ ಜೂಮ್ ಆಗಿ ಅವರು ಗಾಬರಿಯಾಗುತ್ತಾರೆ. ‘ಡ್ರ್ಯಾಗ್‌ಮೋಡ್’ ಅನ್ನು ‘ಫಾಲ್ಸ್’ ಮಾಡಿ. ಅಕ್ಷರದ ಗಾತ್ರ 16ಕ್ಕಿಂತ ಕಡಿಮೆ ಇಡಬೇಡಿ. ಹೋವರ್‌ನಲ್ಲಿ ಮಿಲಿಮೀಟರ್ ಮಾತ್ರ ಬರೆದರೆ ಅವರಿಗೆ ಹಿಡಿಸುವುದಿಲ್ಲ, ‘1 ಇಂಚು 5 ಸೆಂಟ್’ ಅಂತಲೂ ಬರಲಿ. ನಮ್ಮ ರೈಟರ್ ಫೋನ್‌ಗೆ ಹೀಗೇ ಕಳಿಸಿದ್ದೇನೆ. ತಪ್ಪಿರುವ ದಿನ ಕಂಡರೆ ಅವರು ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ, ನಾನು ಪುಸ್ತಕದ ಆ ಪುಟ ತೆಗೆದು ನೋಡುತ್ತೇನೆ.